‘ವಯಸ್ಸಾಯ್ತಲ್ಲ’ ಅನ್ನುವುದನ್ನು ಬಿಡುವುದು ಹೇಗೆ: ಅರವತ್ತರ ಆಚೆ ಈಚೆ ಇರುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೊದಲ ಸಲ ಬಸ್ಸಿನಲ್ಲಿ ಒಬ್ಬ ಹುಡುಗ ಎದ್ದು ನಿಂತು "ಅಜ್ಜಿ, ಕೂತ್ಕೊಳ್ಳಿ" ಅಂದಾಗ ನಾನು ಹಿಂದೆ ತಿರುಗಿ ನೋಡಿದೆ. ಯಾವ ಅಜ್ಜಿ ಬಂದರು ಅಂತ. ಹಿಂದೆ ಯಾರೂ ಇರಲಿಲ್ಲ. ಆಗ ನನಗೆ 56. "ಬೇಡಪ್ಪ, ಮುಂದಿನ ಸ್ಟಾಪಲ್ಲೇ ಇಳೀತೀನಿ" ಅಂತ ಸುಳ್ಳು ಹೇಳಿ, ಮೈಸೂರಿನ ಸಿಟಿ ಬಸ್ಸಿನಲ್ಲಿ ಒಂಬತ್ತು ಸ್ಟಾಪ್ ಕಂಬಿ ಹಿಡಿದುಕೊಂಡೇ ಹೋದೆ. ಕಾಲು ನೋಯುತ್ತಿತ್ತು. ಸೀಟು ಖಾಲಿ ಇತ್ತು. ಆದರೂ ಕೂರಲಿಲ್ಲ.

ಈಗ ನನಗೆ 63. ಈ ಏಳು ವರ್ಷದಲ್ಲಿ ನಾನೇನೂ ಸಾಧನೆ ಮಾಡಿಲ್ಲ. ಆದರೆ ವಯಸ್ಸಿನ ಜೊತೆ ಜಗಳ ಆಡುವುದು ಬಹಳ ಮಟ್ಟಿಗೆ ನಿಂತಿದೆ. ಹೇಗೆ ನಿಂತಿತು ಅನ್ನುವುದನ್ನು, ನನಗೆ ಉಪಯೋಗಕ್ಕೆ ಬಂದ ಕ್ರಮದಲ್ಲೇ ಬರೆಯುತ್ತಿದ್ದೇನೆ. ‘ವಯಸ್ಸು ಬರೀ ಒಂದು ನಂಬರ್’ ಅನ್ನುವ ಮಾತು ಇಲ್ಲಿ ಸಿಗುವುದಿಲ್ಲ. ಅದು ಬರೀ ನಂಬರ್ ಆಗಿದ್ದರೆ ನನ್ನ ಮಂಡಿ ಯಾಕೆ ನೋಯಬೇಕು, ಅಲ್ವಾ?

ಮೊದಲು, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾ?

ಕೆಡಿಸಿಕೊಳ್ಳಬೇಕು ಅನ್ನುವುದಕ್ಕೆ ಒಂದು ಗಟ್ಟಿ ಕಾರಣ ಇದೆ. ಅಮೆರಿಕದ ಓಹಿಯೋ ರಾಜ್ಯದಲ್ಲಿ ಆಕ್ಸ್‌ಫರ್ಡ್ ಅಂತ ಒಂದು ಸಣ್ಣ ಊರಿದೆ. 1975ರಲ್ಲಿ ಅಲ್ಲಿಯ 50 ದಾಟಿದವರನ್ನು ‘ವಯಸ್ಸಾಗುತ್ತಿರುವ ಬಗ್ಗೆ ನಿಮಗೇನು ಅನಿಸುತ್ತದೆ’ ಎಂಬಂಥ ಪ್ರಶ್ನೆ ಕೇಳಿ ಬರೆದಿಟ್ಟುಕೊಂಡಿದ್ದರು. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಎಂಬ ಸಂಶೋಧಕಿ ಅವರಲ್ಲಿ 660 ಜನರ ಉತ್ತರಗಳನ್ನೂ, ಅವರು ಎಷ್ಟು ವರ್ಷ ಬದುಕಿದರು ಅನ್ನುವುದನ್ನೂ ತಾಳೆ ಹಾಕಿ 2002ರಲ್ಲಿ ಪ್ರಕಟಿಸಿದರು. ತಮ್ಮ ವಯಸ್ಸಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು, ಇಲ್ಲದವರಿಗಿಂತ ಏಳೂವರೆ ವರ್ಷ ಜಾಸ್ತಿ ಬದುಕಿದ್ದರು. ಬಡತನ, ಆರೋಗ್ಯ, ಒಂಟಿತನ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿದಿತ್ತು.

ಒಳ್ಳೆಯದು ಯೋಚಿಸಿದರೆ ಆಯಸ್ಸು ತಾನಾಗಿ ಬೆಳೆಯುತ್ತದೆ ಅಂತ ಇದರಿಂದ ಸಾಬೀತಾಗುವುದಿಲ್ಲ. ನನಗೆ ಅರ್ಥವಾದದ್ದು ಇಷ್ಟು: ‘ಇನ್ನೇನಿದೆ, ಮುಗೀತು’ ಅಂದುಕೊಂಡವರು ಡಾಕ್ಟರ ಹತ್ತಿರ ಹೋಗುವುದಿಲ್ಲ, ನಡೆಯಲು ಹೋಗುವುದಿಲ್ಲ, ಮಾತ್ರೆ ಮುಗಿದರೆ ತರಿಸುವುದಿಲ್ಲ. ಮನಸ್ಸಿನ ಮಾತು ಹೀಗೆ ಕೈಕಾಲಿಗೆ ಇಳಿಯುತ್ತದೆ.

ಹಂತ 1: ಒಂದು ವಾರ ಎಣಿಸಿ

ಏನೂ ಬದಲಾಯಿಸಬೇಡಿ. ಸುಮ್ನೆ ಎಣಿಸಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರ ಪಕ್ಕ ಪೆನ್ ಇಟ್ಟುಕೊಳ್ಳಿ. ‘ವಯಸ್ಸಾಯ್ತು’ ಅಂತ ಬಾಯಲ್ಲಿ ಬಂದಾಗ, ಮನಸ್ಸಿಗೆ ಬಂದಾಗ, ಒಂದು ಗೀಟು ಹಾಕಿ.

ನನ್ನ ಮೊದಲ ವಾರದಲ್ಲಿ 31 ಗೀಟು ಬಿದ್ದವು. ಕನ್ನಡಕ ಎಲ್ಲಿಟ್ಟೆ ಅಂತ ಮರೆತಾಗ ಒಂದು. ಹಪ್ಪಳದ ಡಬ್ಬ ಅಟ್ಟದಿಂದ ಇಳಿಸುವಾಗ ಒಂದು. ಅಂಗಡಿಯಲ್ಲಿ ಕುಂಕುಮ ಬಣ್ಣದ ಸೀರೆ ಮುಟ್ಟಿ ನೋಡಿ ಬಿಟ್ಟು, ತಿಳಿ ಬೂದು ಬಣ್ಣದ್ದನ್ನು ತೆಗೆದುಕೊಂಡಾಗ ಒಂದು. ಆಮೇಲೆ ಗೀಟಿನ ಪಕ್ಕ ವಿಷಯವನ್ನೂ ಬರೆಯತೊಡಗಿದೆ. ಆಗ ಗೊತ್ತಾಗಿದ್ದು, ಅರ್ಧಕ್ಕರ್ಧ ಗೀಟುಗಳಿಗೂ ವಯಸ್ಸಿಗೂ ಸಂಬಂಧವೇ ಇಲ್ಲ. ಕೀ ಕಳೆದುಕೊಳ್ಳುವುದು ನನಗೆ 30ರಲ್ಲೂ ಇತ್ತು. ಆಗ ಅದಕ್ಕೆ ‘ಗಡಿಬಿಡಿ’ ಅನ್ನುತ್ತಿದ್ದೆ. ಈಗ ಅದೇ ಕೆಲಸಕ್ಕೆ ‘ಅರಳು ಮರಳು’ ಅನ್ನುತ್ತೇನೆ.

ನಮ್ಮ ಭಾಷೆಯಲ್ಲಿ ಇಂಥ ಮಾತುಗಳಿಗೇನು ಬರ. ಅರವತ್ತಕ್ಕೆ ಅರಳು ಮರಳು. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ. ಕೃಷ್ಣಾ ರಾಮಾ ಅಂತ ಕೂತಿರಬೇಕಾದ ವಯಸ್ಸು. ಚಿಕ್ಕಂದಿನಿಂದ ಇದನ್ನೇ ಕೇಳಿ ಕೇಳಿ, ಬೇರೆಯವರನ್ನು ತಮಾಷೆ ಮಾಡಲು ಬಳಸಿ ಬಳಸಿ, ಕೊನೆಗೆ ನಮ್ಮ ಸರದಿ ಬಂದಾಗ ನಮಗೇ ಹೇಳಿಕೊಳ್ಳುತ್ತೇವೆ. ಬೇಂದ್ರೆಯವರನ್ನು ನೋಡಿ. ಅರವತ್ತರ ಹೊತ್ತಿನ ಕವನ ಸಂಕಲನಕ್ಕೆ ಆ ಬೈಗುಳವನ್ನೇ ಹೆಸರಿಟ್ಟರು: ‘ಅರಳು ಮರಳು’. ಅರಳುವುದು, ಮರಳಿ ಬರುವುದು ಎರಡೂ ಆ ಮಾತಿನೊಳಗೇ ಇದೆಯಲ್ಲ! ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜ್ಞಾನಪೀಠ ಬಂದದ್ದು ಇನ್ನೂ ಹದಿನೈದು ವರ್ಷದ ಮೇಲೆ.

ಎರಡನೇ ವಾರದಿಂದ ಒಂದೇ ಒಂದು ಬದಲಾವಣೆ ಮಾಡಿ. ‘ವಯಸ್ಸಾಯ್ತು’ ಅನ್ನುವ ಕಾರಣವನ್ನು ತೆಗೆದು, ನಡೆದದ್ದನ್ನಷ್ಟೇ ಬರೆಯಿರಿ. ‘ವಯಸ್ಸಾಯ್ತು, ಮೆಟ್ಟಿಲು ಹತ್ತೋಕಾಗಲ್ಲ’ ಅಂತಲ್ಲ. ‘ಎರಡನೇ ಮಹಡಿ ಹೊತ್ತಿಗೆ ಏದುಸಿರು ಬಂತು’ ಅಂತ. ಮೊದಲನೆಯದಕ್ಕೆ ಮುಂದಿನ ವಾಕ್ಯವೇ ಇಲ್ಲ. ಎರಡನೆಯದನ್ನು ಓದಿದರೆ ಯಾಕೆ ಬಂತು ಅಂತ ಕೇಳಬೇಕು ಅನಿಸುತ್ತದೆ.

ಹಂತ 2: ಜರಡಿ ಹಿಡಿಯಿರಿ

ಈ ಇಡೀ ಬರಹದಲ್ಲಿ ಒಂದನ್ನೇ ಮಾಡುವಷ್ಟು ಪುರುಸೊತ್ತು ಇದ್ದರೆ ಇದನ್ನು ಮಾಡಿ. ನೀವು ಬರೆದ ಪಟ್ಟಿಯ ಒಂದೊಂದು ಸಾಲಿಗೂ ಮೂರು ಪ್ರಶ್ನೆ ಕೇಳಿ: ಇದು ನಿಜಕ್ಕೂ ವಯಸ್ಸಾ? ಕಾಯಿಲೆಯಾ? ಇಲ್ಲ, ಬಳಸದೆ ತುಕ್ಕು ಹಿಡಿದದ್ದಾ?

ನನ್ನ ಅಮ್ಮನ ವಿಷಯ ಹೇಳುತ್ತೇನೆ. ಎರಡು ವರ್ಷ ಅವರು ಪೇಪರ್ ಓದುವುದನ್ನೇ ಬಿಟ್ಟಿದ್ದರು. ಬತ್ತಿ ಹೊಸೆಯುವುದನ್ನೂ ಬಿಟ್ಟರು. "ಎಂಬತ್ತಾಯ್ತು ಕಣೇ, ಇನ್ನು ಕಣ್ಣು ಇಷ್ಟೇ" ಅನ್ನುತ್ತಿದ್ದರು. ನಾವೂ ಹೌದು ಅಂದುಕೊಂಡೆವು. ತಪ್ಪು ನಮ್ಮದೇ. ಯಾವುದೋ ಮದುವೆಯಲ್ಲಿ ಮೆಟ್ಟಿಲು ಕಾಣದೆ ಮುಗ್ಗರಿಸಿದ ಮೇಲೆ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಆಗಿ ಹಸಿರು ಬಟ್ಟೆ ತೆಗೆದ ಮಾರನೇ ವಾರ ಅಡುಗೆಮನೆಗೆ ಬಂದು, ಗ್ಯಾಸ್ ಕಟ್ಟೆ ಮೂಲೆಗೆ ಬೆರಳು ತೋರಿಸಿ, "ಏನೇ ಇದು ಇಷ್ಟು ಜಿಡ್ಡು! ಎರಡು ವರ್ಷದಿಂದ ಹೀಗೇ ಇಟ್ಕೊಂಡಿದ್ಯಾ?" ಅಂದರು. ಬೈಸಿಕೊಂಡು ನಾನು ಇಷ್ಟು ಖುಷಿಪಟ್ಟದ್ದು ಅದೇ ಮೊದಲು.

ಹಾಗಾಗಿ ಜರಡಿ. ವಯಸ್ಸಿನ ಪಾಲು ಅಂತ ಒಪ್ಪಬಹುದಾದವು ಕೆಲವಿವೆ. 40ರ ನಂತರ ಹತ್ತಿರದ ಅಕ್ಷರ ಮಸುಕಾಗುವುದು. ಕೂದಲು, ಚರ್ಮ. ನಿದ್ದೆ ತೆಳುವಾಗುವುದು. ಹೆಸರು ನಾಲಿಗೆ ತುದಿಯಲ್ಲಿ ಸಿಕ್ಕಿಕೊಂಡು ಹತ್ತು ನಿಮಿಷದ ಮೇಲೆ ಈರುಳ್ಳಿ ಹೆಚ್ಚುವಾಗ ತಟ್ಟನೆ ಬರುವುದು. ಇವಕ್ಕೆ ಹೆದರಬೇಕಿಲ್ಲ. ಹೆಸರು ನೆನಪಾಗುವುದು ನಿಧಾನವಾದರೂ ನಮ್ಮ ಪದಸಂಪತ್ತು ಅರವತ್ತರವರೆಗೂ, ಕೆಲವರಲ್ಲಿ ಆಚೆಗೂ ಬೆಳೆಯುತ್ತಲೇ ಇರುತ್ತದೆ.

ಕಾಯಿಲೆಯ ಪಾಲಿನದಕ್ಕೆ ಮಾತ್ರ ವಯಸ್ಸಿನ ಮುಸುಕು ಹಾಕಬೇಡಿ. ಸದಾ ಸುಸ್ತು, ಮರೆವು, ಪಾದ ಜುಮ್ಮೆನ್ನುವುದು ಇದ್ದರೆ ವಿಟಮಿನ್ ಬಿ12 ಕಡಿಮೆ ಇರಬಹುದು. ಸಸ್ಯಾಹಾರಿಗಳಲ್ಲಿ ಇದು ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಕಾಣುತ್ತದೆ. ಥೈರಾಯ್ಡ್ ಕಡಿಮೆಯಾದರೂ ಮನುಷ್ಯ ಹತ್ತು ವರ್ಷ ಮುದಿಯಾದ ಹಾಗೆ ಕಾಣುತ್ತಾನೆ. ಎರಡಕ್ಕೂ ರಕ್ತ ಪರೀಕ್ಷೆ ಇದೆ, ಔಷಧಿ ಇದೆ. ಕಿವಿ ಮಂದವಾದರೆ ಮೆಷಿನ್ ಹಾಕಿಸಿಕೊಳ್ಳಿ. ಕೇಳದಿದ್ದರೆ ಮಾತು ಕಡಿಮೆಯಾಗುತ್ತದೆ, ಮಾತು ಕಡಿಮೆಯಾದರೆ ಜನ ಕಡಿಮೆಯಾಗುತ್ತಾರೆ. ಕನ್ನಡಕಕ್ಕೆ ಇಲ್ಲದ ನಾಚಿಕೆ ಕಿವಿಯ ಮೆಷಿನ್ನಿಗೆ ಯಾಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಗೊತ್ತಿರುವ ಬೀದಿಯಲ್ಲೇ ದಾರಿ ತಪ್ಪುವುದು, ಅರ್ಧ ಗಂಟೆಯಲ್ಲಿ ಅದೇ ಪ್ರಶ್ನೆ ನಾಲ್ಕು ಸಲ ಕೇಳುವುದು, ದುಡ್ಡಿನ ಲೆಕ್ಕ ಪೂರ್ತಿ ಗೋಜಲಾಗುವುದು, ಇವು ನಾಲಿಗೆ ತುದಿಯ ಮರೆವಲ್ಲ. ತಡ ಮಾಡದೆ ಡಾಕ್ಟರಿಗೆ ತೋರಿಸಿ. ಹಾಗೇ ಹೋದಾಗ ನೀವು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ತಲೆ ತಿರುಗುವುದು, ಮಂಕು ಕವಿಯುವುದು ಎಷ್ಟೋ ಸಲ ಮಾತ್ರೆಗಳ ಕೆಲಸ. ನೀವಾಗಿ ನೀವೇ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ.

ಹಂತ 3: ತುಕ್ಕು ಬಿಡಿಸುವುದು

ಮೂರನೇ ಜರಡಿಯಲ್ಲಿ ಉಳಿದದ್ದು ಬಹುಪಾಲು ಕಾಲಿನ ಬಲದ ವಿಷಯ. 30 ದಾಟಿದ ಮೇಲೆ ಸ್ನಾಯು ನಿಧಾನಕ್ಕೆ ಕರಗುತ್ತದೆ, 60ರ ನಂತರ ಇನ್ನೂ ಬೇಗ. ಆದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಎಷ್ಟು ವಯಸ್ಸಿನವರೆಗೆ? 1990ರಲ್ಲಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ 90ರ ಆಸುಪಾಸಿನ 10 ಜನರಿಗೆ 8 ವಾರ ತೂಕ ಎತ್ತುವ ವ್ಯಾಯಾಮ ಕೊಟ್ಟು ನೋಡಿದರು. ಪೂರ್ತಿ ಮುಗಿಸಿದವರ ಕಾಲಿನ ಬಲ ಸರಾಸರಿ ದುಪ್ಪಟ್ಟಿಗೂ ಜಾಸ್ತಿಯಾಗಿತ್ತು. 90ಕ್ಕೆ! ಇದನ್ನು ಓದಿದ ದಿನ ನನ್ನ 61ರ ಬಗ್ಗೆ ನನಗೇ ಸ್ವಲ್ಪ ನಾಚಿಕೆಯಾಯಿತು.

ಜಿಮ್ಮಿಗೆ ಹೋಗಬಹುದಾದರೆ ಹೋಗಿ. ನಾನು ಹೋಗಲಿಲ್ಲ. ಬೆಳಿಗ್ಗೆ ಹಾಲು ಕಾಯುವವರೆಗೆ ಹೇಗೂ ಒಲೆ ಮುಂದೆ ನಿಲ್ಲಲೇಬೇಕು. ಆ ಹೊತ್ತಿನಲ್ಲಿ ಒಂದು ಕೈಯಲ್ಲಿ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುತ್ತೇನೆ. ಬಲ ಸ್ವಲ್ಪ, ಎಡ ಸ್ವಲ್ಪ. ಮೊದಲು ಎಡಗಾಲಲ್ಲಿ ಐದು ಎಣಿಸುವಷ್ಟರಲ್ಲಿ ಓಲಾಡುತ್ತಿದ್ದೆ. ಈಗ ಹಾಲು ಉಕ್ಕುವವರೆಗೂ ನಿಲ್ಲುತ್ತೇನೆ. ಎರಡು ಸಲ ಹಾಲು ನಿಜವಾಗಿಯೂ ಉಕ್ಕಿ ಹೋಗಿದೆ. ಆಮೇಲೆ ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೈ ಊರದೆ ಕೂತು ಏಳುವುದು, ಹತ್ತು ಸಲ. ಒಂದು ತಿಂಗಳ ಮೇಲೆ ಹದಿನೈದು ಸಲ. ದಿನಕ್ಕೊಮ್ಮೆಯಾದರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಏಳಿ. ಅಕ್ಕಿ ಆರಿಸಲು, ಹೂ ಕಟ್ಟಲು, ಯಾವ ನೆಪವಾದರೂ ಸರಿ. ಮಂಡಿ ಬದಲಿಸಿಕೊಂಡವರು, ಮಂಡಿ ತೀರಾ ಸವೆದವರು ಇದನ್ನು ಬಿಟ್ಟು ಫಿಸಿಯೋಥೆರಪಿಯವರನ್ನು ಕೇಳಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯು ಬಲದ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನನ್ನ 150 ನಿಮಿಷ ಆಗಿಹೋಗುತ್ತದೆ. ಊಟದಲ್ಲಿ ಅನ್ನ ಒಂದು ಸೌಟು ಕಡಿಮೆ, ಹುರುಳಿ, ಹೆಸರುಕಾಳು, ಮೊಸರು ಜಾಸ್ತಿ. ತಿನ್ನುವವರಿಗೆ ಮೊಟ್ಟೆ, ಮೀನು.

ಇದನ್ನೆಲ್ಲ ಮನಸ್ಸಿನ ವಿಷಯದ ಬರಹದಲ್ಲಿ ಯಾಕೆ ತುರುಕಿದೆ ಅನ್ನಬಹುದು. ಒಂಟಿ ಕಾಲಲ್ಲಿ ನಿಲ್ಲಲು ಬಂದ ಮೇಲೆ ನನಗೆ ಅಟ್ಟದ ಮೆಟ್ಟಿಲ ಮೇಲೆ ‘ವಯಸ್ಸಾಯ್ತು’ ಅನ್ನುವ ಮಾತು ಬಾಯಿಗೆ ಬರುವುದೇ ನಿಂತಿತು. ಅದನ್ನು ನಾನು ಮನಸ್ಸು ಗಟ್ಟಿ ಮಾಡಿಕೊಂಡು ನಿಲ್ಲಿಸಿದ್ದಲ್ಲ.

ಹಂತ 4: ಲೆಕ್ಕ ಸರಿ ಮಾಡಿಕೊಳ್ಳಿ

‘ಭಾರತೀಯರ ಸರಾಸರಿ ಆಯಸ್ಸು 70 ಅಂತೆ, ನನಗೀಗ 60, ಇನ್ನು ಹತ್ತೇ ವರ್ಷ.’ ಈ ಲೆಕ್ಕವನ್ನು ರಿಟೈರ್ ಆದ ನನ್ನ ಸಹೋದ್ಯೋಗಿಗಳಲ್ಲಿ ಎಷ್ಟೋ ಜನ ಹಾಕುತ್ತಾರೆ. ಲೆಕ್ಕದ ಮೇಷ್ಟರೊಬ್ಬರೂ ಹಾಕಿದ್ದರು. ಇದು ತಪ್ಪು. 70 ಅನ್ನುವುದು ಹುಟ್ಟಿದ ಮಗುವಿನ ಲೆಕ್ಕ. ಎಳೆಯ ವಯಸ್ಸಿನಲ್ಲೇ ಹೋದವರೂ ಅದರಲ್ಲಿ ಸೇರಿರುತ್ತಾರೆ. ನಮ್ಮ ದೇಶದಲ್ಲಿ 60 ಮುಟ್ಟಿದವರು ಅಲ್ಲಿಂದ ಮುಂದೆ ಸರಾಸರಿ ಸುಮಾರು 18 ವರ್ಷ ಬದುಕುತ್ತಾರೆ. 18 ವರ್ಷ ಅಂದರೆ ಒಂದು ಮಗು ಹುಟ್ಟಿ ಪಿಯುಸಿ ಮುಗಿಸುವಷ್ಟು ಕಾಲ. ಅಷ್ಟನ್ನೂ ‘ಉಳಿದ ದಿನ’ ಅಂತ ಕರೆಯುವುದು ಹೇಗೆ?

ನಮ್ಮ ಹಿರಿಯರ ಲೆಕ್ಕ ನನಗೆ ಇಷ್ಟ. ಅವರು ಏರುತ್ತಾ ಎಣಿಸುತ್ತಿದ್ದರು. ಸಂವತ್ಸರಗಳು 60. ಹಾಗಾಗಿ 60 ತುಂಬಿದಾಗ ನೀವು ಹುಟ್ಟಿದ ಸಂವತ್ಸರ ತಿರುಗಿ ಬರುತ್ತದೆ. ನಾನು ಹುಟ್ಟಿದ ಶೋಭಕೃತ್ 2023ರ ಯುಗಾದಿಗೆ ಮರಳಿ ಬಂತು. ಅದೇ ವರ್ಷ ನಾನು ರಿಟೈರ್ ಆದೆ, ಅದೇ ಜೂನಿನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲದಾಯಿತು. ಒಳ್ಳೆಯ ಶಕುನ ಅಂದುಕೊಂಡೆ. ಅರವತ್ತಕ್ಕೆ ಷಷ್ಟ್ಯಬ್ದಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತರ ಮೇಲೆ ಸಹಸ್ರ ಚಂದ್ರ ದರ್ಶನ. ಸಾವಿರ ಹುಣ್ಣಿಮೆ ಆಗಲು ಹೆಚ್ಚುಕಡಿಮೆ 80 ವರ್ಷ 10 ತಿಂಗಳು ಬೇಕು. ಶಾಸ್ತ್ರ ಮಾಡುವುದು ಬಿಡುವುದು ನಿಮ್ಮಿಷ್ಟ. ನಾನಂತೂ ಹುಣ್ಣಿಮೆಯ ದಿನ ಮಹಡಿ ಮೇಲೆ ಹೋಗಿ ನೋಡಿ ಬರುತ್ತೇನೆ. ಎಂಟುನೂರರ ಹತ್ತಿರ ಬಂತಲ್ಲ ಇಷ್ಟೊತ್ತಿಗೆ?

ಹದಿನೆಂಟು ವರ್ಷ ಇದೆ ಅಂದಮೇಲೆ ಅದರಲ್ಲಿ ಏನು ಮಾಡುತ್ತೀರಿ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ದೊಡ್ಡದೇನೂ ಬೇಡ. ನನ್ನ ಹಾಳೆಯಲ್ಲಿ ಮೂರೇ ಇದ್ದವು: ಮೋಡಿ ಲಿಪಿ (ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದದ್ದು) ಕಲಿಯುವುದು, ಕುಂಕುಮ ಬಣ್ಣದ ಸೀರೆ, ಒಂದು ಸಲ ಒಬ್ಬಳೇ ರೈಲಿನಲ್ಲಿ ಹೋಗುವುದು. ಎರಡು ಆಗಿದೆ.

ಹಂತ 5: ಯಾರನ್ನು ನೋಡುತ್ತೀರಿ?

ಜಿ. ವೆಂಕಟಸುಬ್ಬಯ್ಯನವರು 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅವರಿಗೆ 97. ಅಲ್ಲಿಂದ ಮುಂದೆಯೂ ಹತ್ತು ವರ್ಷ ನಮ್ಮ ಜೊತೆ ಇದ್ದರು. ಸಾಲುಮರದ ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂದಾಗ ನೂರು ದಾಟಿತ್ತು. ಇವರನ್ನು ನೆನೆದರೆ ಎದೆ ತುಂಬುತ್ತದೆ, ನಿಜ. ಆದರೆ ದಿನನಿತ್ಯಕ್ಕೆ ಇಂಥ ಮಾದರಿ ಭಾರ. ‘ಅವರೆಲ್ಲಿ ನಾವೆಲ್ಲಿ’ ಅನಿಸಿಬಿಡುತ್ತದೆ.

ಅದಕ್ಕೆ, ನಿಮಗಿಂತ ಹತ್ತು ವರ್ಷ ದೊಡ್ಡವರಾದ, ನಿಮ್ಮ ಬೀದಿಯಲ್ಲೇ ಇರುವ ಒಬ್ಬರನ್ನು ಹುಡುಕಿ. ನಮ್ಮ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಮಾರುವ ಒಬ್ಬಾಕೆಗೆ 74. ಮೊಳ ಹಾಕುವಾಗ ಕೈ ಸಣ್ಣಗೆ ನಡುಗುತ್ತದೆ. "ನಡುಗಿದ್ರೆ ನಿಂಗೇ ಲಾಭ, ಅರ್ಧ ಗೇಣು ಜಾಸ್ತಿ ಹೋಗುತ್ತೆ" ಅಂತ ನಗುತ್ತಾರೆ. ಇಂಥವರ ಹತ್ತಿರ ಹೋಗಿ ಕೇಳಿ: ಎಪ್ಪತ್ತರ ಮೇಲೆ ಯಾವುದು ಕಷ್ಟವಾಯಿತು, ಯಾವುದು ಹಗುರವಾಯಿತು? ‘ಜನ ಏನಂದಾರು’ ಅನ್ನುವ ಭಯ ಹೋಯಿತು ಅನ್ನುವ ಉತ್ತರ ನನಗೆ ಮೂವರಿಂದ ಬಂದಿದೆ.

ಹಾಗೇ ನಿಮಗಿಂತ ಇಪ್ಪತ್ತು, ಮೂವತ್ತು ವರ್ಷ ಚಿಕ್ಕವರಲ್ಲೂ ಒಬ್ಬರು ಸ್ನೇಹಿತರಿರಲಿ. ಮಕ್ಕಳು ಮೊಮ್ಮಕ್ಕಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವರಿಗೆ ನೀವು ಯಾವತ್ತೂ ಅಮ್ಮ, ಅಜ್ಜಿಯೇ. ಪಕ್ಕದ ಮನೆಯ ಹುಡುಗಿ ನನಗೆ ಯುಪಿಐ ಕಲಿಸಿದಳು. ನಾನು ಅವಳಿಗೆ ಗೊಜ್ಜವಲಕ್ಕಿ. ಕೊಡುವುದು ತೆಗೆದುಕೊಳ್ಳುವುದು ಎರಡೂ ಇದ್ದಾಗ ಕಲಿಯಲು ಸಂಕೋಚ ಇರುವುದಿಲ್ಲ.

ಹಂತ 6: ಬೇರೆಯವರ ಬಾಯಿಗೆ ಉತ್ತರ

ನೀವು ಬದಲಾದರೂ ಊರು ಬದಲಾಗಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಜಗತ್ತಿನಲ್ಲಿ ಪ್ರತಿ ಇಬ್ಬರಲ್ಲಿ ಒಬ್ಬರಿಗೆ ವಯಸ್ಸಾದವರ ಬಗ್ಗೆ ತಾತ್ಸಾರ ಇದೆ. ಒಂದು ಬ್ಯಾಂಕಿನ ಕೌಂಟರಿನಲ್ಲಿ ನಾನು ಫಾರಂ ಕೇಳಿದಾಗ ಆ ಕಡೆ ಇದ್ದವರು ತಲೆ ಎತ್ತದೆ, "ಇದೆಲ್ಲ ನಿಮಗೆ ಆಗಲ್ಲ, ಮಗನ್ನ ಕಳ್ಸಿ" ಅಂದರು. ಅಂದು ಬಾಯಿ ಕಟ್ಟಿತ್ತು. ಮನೆಗೆ ಬಂದು ರಾತ್ರಿಯೆಲ್ಲ ಹೇಳಬೇಕಿದ್ದದ್ದನ್ನು ಹೇಳಿಕೊಂಡೆ. ಹಾಗಾಗಿ ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ನನ್ನದು ಇದು: "ಖಾತೆ ನನ್ನದು. ನನಗೇ ಹೇಳಿ, ಸ್ವಲ್ಪ ನಿಧಾನವಾಗಿ." ಜಗಳದ ದನಿ ಬೇಡ. ಮೂರು ಸಲ ಕನ್ನಡಿ ಮುಂದೆ ಹೇಳಿ ನೋಡಿಕೊಂಡಿದ್ದರೆ ಸಾಕು, ಸಮಯಕ್ಕೆ ಬರುತ್ತದೆ.

ಮನೆಯವರಿಗೆ ಬೇರೆ ತರಹ ಹೇಳಬೇಕು. "ಈ ವಯಸ್ಸಲ್ಲಿ ನಿಮಗ್ಯಾಕೆ ಇದೆಲ್ಲ?" ಅನ್ನುವುದು ಹೆಚ್ಚಿನ ಸಲ ಕಾಳಜಿಯೇ. "ಏನಕ್ಕೆ ಭಯ ನಿನಗೆ, ಅದನ್ನು ಹೇಳು" ಅಂತ ಕೇಳಿ. ಬೀಳುತ್ತೀರಿ ಅನ್ನುವ ಭಯವೋ, ಹಣ ಕಳೆದುಕೊಳ್ಳುತ್ತೀರಿ ಅನ್ನುವ ಭಯವೋ ಗೊತ್ತಾದರೆ ಅದಕ್ಕೊಂದು ದಾರಿ ಹುಡುಕಬಹುದು.

ಸಹಾಯ ತೆಗೆದುಕೊಳ್ಳುವುದನ್ನು ಕಲಿಯಲು ನನಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯಿತು. ಈಗ ಬಸ್ಸಿನಲ್ಲಿ ಯಾರಾದರೂ ಎದ್ದರೆ ಕೂರುತ್ತೇನೆ. ಕೂತು, ಎದ್ದ ಹುಡುಗಿಯ ಕಾಲೇಜು ಬ್ಯಾಗನ್ನು ಇಸಿದುಕೊಂಡು ತೊಡೆ ಮೇಲೆ ಇಟ್ಟುಕೊಳ್ಳುತ್ತೇನೆ. ಲೆಕ್ಕ ಚುಕ್ತಾ.

ಹಂತ 7: ದುಃಖಕ್ಕೆ ಜಾಗ ಬಿಡಿ

ಕೆರೆ ಏರಿಯ ಮೇಲೆ ನಾವು ಐದು ಜನ ನಡೆಯುತ್ತಿದ್ದೆವು. ಈಗ ನಾಲ್ಕು. ಒಬ್ಬ ಗೆಳತಿ ತೀರಿಕೊಂಡಳು. ಆ ತಿಂಗಳು ನಾನು ಯಾವ ಗೀಟೂ ಹಾಕಲಿಲ್ಲ, ಹಾಲಿನ ಮುಂದೆ ಸುಮ್ನೆ ಎರಡು ಕಾಲಲ್ಲೇ ನಿಂತೆ. ಆ ತಿಂಗಳು ಯಾರಾದರೂ ‘ಪಾಸಿಟಿವ್ ಆಗಿರು’ ಅಂದಿದ್ದರೆ ಕೆಂಡದಂಥ ಕೋಪ ಬರುತ್ತಿತ್ತು. ಅಳು ಬಂದರೆ ಅಳಿ. ಹೋದವರ ಬಗ್ಗೆ ಮಾತಾಡಿ.

ಆದರೆ ಎರಡು ವಾರ ಕಳೆದರೂ ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಯಾಕಾದರೂ ಇದ್ದೀನೋ ಅನಿಸುತ್ತಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ. ಖಿನ್ನತೆ ಮುಪ್ಪಿನ ಸಹಜ ಭಾಗವಲ್ಲ, ಚಿಕಿತ್ಸೆ ಇರುವ ಕಾಯಿಲೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹಂತ 8: ಕಾಗದ ಪತ್ರ

ಮುಪ್ಪಿನ ಭಯದಲ್ಲಿ ಅರ್ಧ ಪಾಲು ‘ನಾಳೆ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ’ ಅನ್ನುವುದೇ. ಇದಕ್ಕೆ ಧ್ಯಾನಕ್ಕಿಂತ ಫೈಲು ಒಳ್ಳೆಯ ಮದ್ದು. ಬ್ಯಾಂಕ್, ಪಿಂಚಣಿ, ವಿಮೆ ಎಲ್ಲದಕ್ಕೂ ನಾಮಿನಿ ಹೆಸರು ಸರಿ ಇದೆಯಾ ನೋಡಿ. ವಿಲ್ ಬರೆಯಿರಿ. ಅದಕ್ಕೆ ಸ್ಟ್ಯಾಂಪ್ ಪೇಪರ್ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ (ಮಾಡಿಸಿದರೆ ಒಳ್ಳೆಯದು), ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಇರುವಾಗಲೇ ಆಸ್ತಿ ಬರೆದುಕೊಡುವುದಾದರೆ, ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಷರತ್ತು ಮುರಿದರೆ, 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಅದನ್ನು ರದ್ದು ಮಾಡಿಸಬಹುದು. ನಮ್ಮಲ್ಲಿ ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗಳ ಮುಂದೆ. ಹಿರಿಯರ ಸಹಾಯವಾಣಿ 14567 ಅನ್ನು ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ನಾನು ಫೈಲನ್ನು ಬೀರುವಿನ ಎರಡನೇ ತಟ್ಟಿನಲ್ಲಿ ಇಟ್ಟು ಮಕ್ಕಳಿಗೆ ತೋರಿಸಿದೆ. ಮಗಳಿಗೆ ಮುಖ ಸಣ್ಣಗಾಯಿತು. "ಯಾಕಮ್ಮ ಈಗಲೇ ಇದೆಲ್ಲ?" ಅಂದಳು. ಅದರ ಮೇಲೇ ಮಡಿಸಿಟ್ಟಿದ್ದ ಕುಂಕುಮ ಬಣ್ಣದ ಸೀರೆ ತೆಗೆದು, ಇದಕ್ಕೆ ಯಾವ ಬಣ್ಣದ ಬ್ಲೌಸ್ ಹೊಲಿಸಲಿ ಅಂತ ಕೇಳಿದೆ. ಹಸಿರು ಅಂದಳು.